ಮೂವರಿಗೆ ಒಂದೇ ಸೆಟ್ಟು

ಕೇಳಿದ್ದು ಎರಡೂವರೆ ಸಾವಿರ, ನಾನು ಮುಗಿಸಿದ್ದು ಹದಿನೇಳುನೂರಕ್ಕೆ. ಅದೂ ಒಬ್ಬರಿಗಲ್ಲ, ಮೂವರು ಹೆಂಗಸರಿಗೆ, ತಲಾ ಲೆಕ್ಕದಲ್ಲಿ. ಇನ್ನು ಮಕ್ಕಳು ಸಾಕು ಎನ್ನುವವರಿಗೆ ಮಾಡುವ ದುರ್ಬೀನು ಆಪರೇಷನ್ ತೊಂಬತ್ತೇಳರ ಬೇಸಗೆಯಲ್ಲಿ ಡೊಂಬಿವಲಿಯ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಇಷ್ಟು ಕಡಿಮೆಗೆ ಬೇರೆ ಯಾರಿಗೂ ಆಗಿರಲಿಕ್ಕಿಲ್ಲ. ಯಾಕೆ ಕಡಿಮೆಯಾಯಿತು ಅಂತ ಯಾರಾದರೂ ಕೇಳಿದರೆ ಉತ್ತರವೂ ನನ್ನ ನಾಲಿಗೆಯ ತುದಿಯಲ್ಲಿತ್ತು. ಮೂರು ಗಿರಾಕಿ ಒಟ್ಟಿಗೆ, ಒಂದೇ ಬೆಳಿಗ್ಗೆ, ಒಬ್ಬರ ಹಿಂದೊಬ್ಬರು. ಠಾಣೆಯಿಂದ ಬರುವ ಸರ್ಜನ್ ಒಂದೇ ಸಲ ಬಂದರೆ ಸಾಕು. ಸೀರೆಯ ಲಾಟ್ ಎತ್ತುವಾಗ ವ್ಯಾಪಾರಿಯ ಎದುರು ಆಡುವ ಮಾತನ್ನೇ ಅಲ್ಲಿಯೂ ಆಡಿದ್ದೆ. ಬಿಡಿಬಿಡಿಯಾಗಿ ಕೊಟ್ಟರೆ ನಿಮಗೂ ತಾಪತ್ರಯ, ನಮಗೂ ತಾಪತ್ರಯ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಹೋದ ತಿಂಗಳು ನನ್ನ ಗಂಡನ ಹೊಟ್ಟೆಯೊಳಗೆ ನಳಿಗೆ ಇಳಿಸಿ ನೋಡಬೇಕೆಂದು ಘೋಡಬಂದರ್ ರಸ್ತೆಯ ಒಂದು ಹೊಸ ಆಸ್ಪತ್ರೆಗೆ ಹೋಗಿದ್ದೆವು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಎಲ್ಲ ಸರಿ. ಆದರೆ ಒಳಗಿನ ಕೋಣೆಯ ಬಾಗಿಲು ಒಮ್ಮೆ ತೆರೆದಾಗ ಒಂದು ವಾಸನೆ ಬಂತು. ಕೊಳೆತ ಸೇಬಿಗೆ ಹೊಸ ಬಣ್ಣದ ಘಾಟು ಸೇರಿದಂತೆ, ಮೂಗಿನ ಒಳಗನ್ನು ಸುಡುವ ವಾಸನೆ. ನಳಿಗೆಗಳನ್ನು ಮುಳುಗಿಸಿಡುವ ದ್ರಾವಣದ್ದು. ನಾನು ಎದ್ದು ಹೊರಗಿನ ಬೆಂಚಿಗೆ ಹೋಗಿ ಕೂತೆ. “ಟೆಸ್ಟ್ ನನ್ನದು, ಬೆವರು ನಿನ್ನದಾ?” ಅಂತ ಗಂಡ ನಕ್ಕರು. ಅವರಿಗೆ ಅದು ಒಂದು ವಾಸನೆ. ನನಗೆ ಅದು ಒಂದು ಇಡೀ ಮಳೆಗಾಲ.

ಆಗ ನನಗೆ ಮೂವತ್ತೊಂದು. ಉಡುಪಿ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವಳು. ಗಂಡನಿಗೆ ಠಾಣೆಯ ಹೋಟೆಲೊಂದರ ಗಲ್ಲೆಯಲ್ಲಿ ಕೆಲಸ. ಆ ಸಂಬಳದಲ್ಲಿ ಮನೆ ನಡೆಯುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ. ನಾನು ಉಲ್ಹಾಸನಗರದಿಂದ ಸೀರೆಯ ಲಾಟ್ ಎತ್ತಿ ಮನೆಮನೆಗೆ ಹೋಗಿ ಮಾರುತ್ತಿದ್ದೆ. ಯಾರೂ ಕಲಿಸಿದ್ದಲ್ಲ. ಚಾಳುಗಳ ಮೆಟ್ಟಿಲು ಹತ್ತಿ ಇಳಿದೇ ಕಲಿತದ್ದು. ಯಾವ ಮನೆಯಲ್ಲಿ ಹಿಂದಿ, ಯಾವ ಮನೆಯಲ್ಲಿ ಮರಾಠಿ, ಯಾವ ಬಾಗಿಲಲ್ಲಿ ತುಳು ಮಾತಾಡಿದರೆ ಚಹಾ ಸಿಗುತ್ತದೆ ಎಂಬುದು ನನಗೆ ಬಾಯಿಪಾಠ. ನನ್ನ ಜೊತೆ ಬಂದರೆ ಯಾವುದೂ ಅಗ್ಗಕ್ಕೆ ಸಿಗುತ್ತದೆ ಎಂಬ ಹೆಸರಿತ್ತು. ಗ್ಯಾಸಿನ ಒಲೆ ಕೊಳ್ಳುವವರು, ಮದುವೆಗೆ ಹಾಲ್ ಹಿಡಿಯುವವರು ಕೂಡ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು.

ನನ್ನ ನಾದಿನಿ ವನಜಾ ಎರಡು ಗಲ್ಲಿ ಆಚೆ ಇದ್ದಳು. ಗಂಡನ ತಂಗಿ, ನನಗಿಂತ ಎರಡು ವರ್ಷ ಚಿಕ್ಕವಳು, ನಾಲಿಗೆ ಮಾತ್ರ ನನಗಿಂತ ದೊಡ್ಡದು. ಅವಳಿಗೂ ನನಗೂ ತಲಾ ಇಬ್ಬರು ಮಕ್ಕಳು, ಇಬ್ಬರಿಗೂ ಸಾಕಾಗಿತ್ತು. ಶಾಲೆ ಶುರುವಾಗುವ ಮೊದಲು ಮುಗಿಸಿಬಿಡುವ ಅಂತ ನಿಶ್ಚಯವಾಯಿತು. ಇಬ್ಬರಾದರೆ ಎರಡು ಸಾವಿರಕ್ಕೆ ಇಳಿಯುತ್ತೇವೆ ಎಂದರು ನರ್ಸಿಂಗ್ ಹೋಮಿನವರು. ಮೂವರನ್ನು ತಂದರೆ ಎಂದು ನಾನು ಕೇಳಿದೆ.

ಮೂರನೆಯವಳು ಮಾಂತವ್ವ. ಅವಳು ವಿಜಯಪುರದ ಆಚೆಯ ಹಳ್ಳಿಯವಳು. ಗಂಡ ಭೀಮಣ್ಣ ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯಲ್ಲಿ ಡ್ರಮ್ಮು ಹೊರುತ್ತಿದ್ದ, ಇವಳು ಕಟ್ಟಡದ ಕೆಲಸದಲ್ಲಿ ಮರಳು, ಇಟ್ಟಿಗೆ ಹೊರುತ್ತಿದ್ದಳು. ರೈಲು ಹಳಿಯ ಹಿಂದೆ ತಗಡಿನ ಮನೆ, ಮೂರು ಮಕ್ಕಳು, ಸಣ್ಣದು ಆಗಷ್ಟೇ ನಡೆಯಲು ಕಲಿತಿತ್ತು. ವರ್ಷಕ್ಕೊಮ್ಮೆ ನಾಗರಪಂಚಮಿಗೆ ನನ್ನಿಂದ ಒಂದು ಸೀರೆ ತೆಗೆದುಕೊಳ್ಳುವಳು. ಹೇಳಿದ ಬೆಲೆಗೆ ತೆಗೆದುಕೊಳ್ಳುವಳು. ನನ್ನ ಗಿರಾಕಿಗಳಲ್ಲಿ ಚೌಕಾಸಿ ಮಾಡದವಳು ಅವಳೊಬ್ಬಳೇ. ಸರಕಾರಿ ಆಸ್ಪತ್ರೆಯಲ್ಲಿ ಇದೇ ಆಪರೇಷನ್ ಪುಕ್ಕಟೆ. ಅಲ್ಲಿಗೆ ಹೋಗುತ್ತೇನೆ, ಚಳಿಗಾಲದಲ್ಲಿ ಶಿಬಿರ ಐತಂತ ಎಂದು ಅವಳೇ ಹೇಳಿದ್ದಳು. ಅಷ್ಟರೊಳಗೆ ಇನ್ನೊಂದು ಹೊಟ್ಟೆಯಾದರೆ ಎಂದು ಹೆದರಿಸಿದವಳು ನಾನು. ಅಲ್ಲಿ ಗಲೀಜು, ಇಲ್ಲಿ ಚೊಕ್ಕ, ಸಂಜೆಗೆ ಮನೆ, ವಾರಕ್ಕೆ ಕೆಲಸ ಅಂತ ಹೇಳಿದವಳೂ ನಾನೇ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ನಂಬಿಯೇ ಹೇಳಿದ್ದು. ಆದರೆ ನನಗೆ ಮೂರನೆಯ ತಲೆ ಬೇಕಿತ್ತು ಎಂಬುದೂ ಅಷ್ಟೇ ನಿಜ.

ಮೇ ಕೊನೆಯ ವಾರ. ಸರ್ಜನ್ ತಮ್ಮ ಕಾರಿನಲ್ಲಿ ಒಂದು ಸೂಟ್‌ಕೇಸು ಇಟ್ಟುಕೊಂಡು ಬಂದರು. ಆಗೆಲ್ಲ ಹಾಗೆಯೇ. ಸಣ್ಣ ನರ್ಸಿಂಗ್ ಹೋಮುಗಳಲ್ಲಿ ದುರ್ಬೀನು ಇರುತ್ತಿರಲಿಲ್ಲ. ಸರ್ಜನ್ನರೇ ತಮ್ಮ ಸೆಟ್ಟನ್ನು ಹೊತ್ತು ಊರಿಂದ ಊರಿಗೆ ಹೋಗುವುದು, ಮದುವೆಯಿಂದ ಮದುವೆಗೆ ಓಡಾಡುವ ಅಡುಗೆಭಟ್ಟರ ಹಾಗೆ. ಅವತ್ತು ನಮ್ಮ ನಂತರ ಅವರಿಗೆ ಕಲ್ಯಾಣದಲ್ಲಿ ಇನ್ನಿಬ್ಬರು ಕಾಯುತ್ತಿದ್ದರು. ಹಾಗಾಗಿ ನಡುವೆ ಹೊತ್ತು ಹಾಳು ಮಾಡುವಂತಿಲ್ಲ, ಈ ರೇಟು ಆ ಷರತ್ತಿನ ಮೇಲೆ ಅಂತ ಮೊದಲೇ ಮಾತಾಗಿತ್ತು.

ಯಾರು ಮೊದಲು ಎಂಬ ಪ್ರಶ್ನೆ ಬಂತು. ವನಜಾ ಬೆಳಿಗ್ಗೆಯಿಂದ ಬೆರಳು ಹಿಸುಕುತ್ತಿದ್ದಳು. ಮಾಂತವ್ವ ಬೆಂಚಿನ ತುದಿಯಲ್ಲಿ ಕೂತು, ನೀವು ಹೆಂಗ್ ಹೇಳ್ತೀರಿ ಹಂಗ್ರೀ ಅಕ್ಕಾರ ಎಂದಳು. ನಾನೇ ಮೊದಲು ಹೋಗುತ್ತೇನೆ, ಬದುಕಿ ಬಂದರೆ ನೀವು ಬನ್ನಿ ಎಂದೆ. “ಅತ್ತಿಗೆಗೆ ಎಲ್ಲದರಲ್ಲೂ ಮೊದಲ ಪೀಸೇ ಬೇಕು” ಎಂದು ವನಜಾ ನಕ್ಕಳು. ನರ್ಸ್ ಕೂಡ ನಕ್ಕಳು. ನನ್ನ ಧೈರ್ಯದ ಬಗ್ಗೆ ನನಗೆ ಹೆಮ್ಮೆಯಿತ್ತು.

ಹೊಕ್ಕಳ ಕೆಳಗೆ ಒಂದೇ ತೂತು, ಎರಡು ಹೊಲಿಗೆ. ಅರೆ ಮಂಪರಿನಲ್ಲಿ ನನ್ನನ್ನು ಪಕ್ಕದ ಮಂಚಕ್ಕೆ ಸರಿಸಿದರು. ಬಾಗಿಲು ಅರ್ಧ ತೆರೆದೇ ಇತ್ತು. ಆಯಾ ಆ ಉದ್ದನೆಯ ಸಲಾಕೆಯನ್ನು ಟ್ರೇಯ ದ್ರಾವಣದಲ್ಲಿ ಮುಳುಗಿಸಿದಳು, ಸ್ವಲ್ಪ ಹೊತ್ತಿಗೆ ಎತ್ತಿ ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ತೊಳೆದಳು. ಆ ವಾಸನೆ ಮೂಗಿಗೆ ಬಡಿದದ್ದು ಆಗಲೇ. ಎಷ್ಟು ಶುಚಿಯಾಗಿ ತೊಳೆಯುತ್ತಾರೆ ಅಂತ ಖುಷಿಯಾಯಿತು. ಹಣ ಕಡಿಮೆ ಮಾಡಿಸಿದರೂ ಕೆಲಸದಲ್ಲಿ ಕಡಿಮೆ ಮಾಡಿಲ್ಲ ಅಂದುಕೊಂಡೆ. ಆ ನೀರನ್ನು ನಾನು ಕಣ್ಣಾರೆ ನೋಡಿದೆ, ನೋಡಿ ಸಮಾಧಾನಪಟ್ಟೆ.

ಸಂಜೆ ಮೂವರೂ ಒಂದೇ ರಿಕ್ಷಾದಲ್ಲಿ ಮನೆಗೆ ಬಂದೆವು.

ಮಳೆ ಶುರುವಾಯಿತು. ನನ್ನ ಗಾಯ ಒಣಗಿ ಒಂದು ಗೆರೆಯಾಯಿತು. ಅವರದ್ದೂ ಒಣಗಿತ್ತು. ಜುಲೈಯಲ್ಲಿ ಒಂದು ದಿನ ವನಜಾ ಬಂದು ಬಾಗಿಲು ಹಾಕಿ ಸೀರೆ ಸರಿಸಿ ತೋರಿಸಿದಳು. ಹೊಲಿಗೆಯ ಜಾಗದಲ್ಲಿ ಕೆಂಪು ಗಂಟು, ಅದರ ತುದಿಯಿಂದ ತೆಳ್ಳಗಿನ ಬಿಳಿ ನೀರು ಒಸರುತ್ತಿತ್ತು. ನೋವು ಅಷ್ಟಿಲ್ಲ, ಜ್ವರವಿಲ್ಲ, ಆದರೆ ನಿಲ್ಲುವುದೂ ಇಲ್ಲ. “ನನ್ನ ಹೊಕ್ಕಳಿಗೂ ಒಂದು ಬಾಯಿ ಬಂದಿದೆ ಅತ್ತಿಗೆ. ಇರುವ ಒಂದು ಬಾಯಿಯೇ ನಿಮಗೆ ಜಾಸ್ತಿ ಆಗಿತ್ತು” ಎಂದಳು. ತಮಾಷೆ ಮಾಡುತ್ತಲೇ ಅಳತೊಡಗಿದಳು. ಮೈದುನನ ಮದುವೆಯ ಮಾತುಕತೆ ನಡೆಯುತ್ತಿದ್ದ ಮನೆ ಅವಳದ್ದು. ಹೊಟ್ಟೆಯಲ್ಲಿ ಕೀವು ಅಂತ ಅತ್ತೆಗೆ ಹೇಗೆ ಹೇಳುವುದು?

ಮಾಂತವ್ವ ಹೇಳಲೇ ಇಲ್ಲ. ಪಂಚಮಿಯ ಸೀರೆ ನೋಡಲು ಬಂದವಳು ನೆಲದ ಮೇಲೆ ಕೂರಲಿಲ್ಲ, ಗೋಡೆಗೆ ಒರಗಿ ನಿಂತೇ ಇದ್ದಳು. ಸೊಂಟದ ಸುತ್ತ ಸೀರೆ ದಪ್ಪಗೆ ಕಾಣುತ್ತಿತ್ತು. ಒಳಗೆ ಹಳೆ ಬಟ್ಟೆಯನ್ನು ಪದರ ಪದರ ಮಡಿಸಿ ಕಟ್ಟಿಕೊಂಡಿದ್ದಳು, ಅದೂ ಒದ್ದೆಯಾಗಿ ಹೊರಗೆ ಅಚ್ಚು ಬಿದ್ದಿತ್ತು. ಅದನ್ನು ಕಟ್ಟಿಕೊಂಡೇ ಮರಳಿನ ಬುಟ್ಟಿ ಹೊರುತ್ತಿದ್ದಳು. ಯಾವಾಗಿನಿಂದ ಅಂತ ಕೇಳಿದರೆ, ಆಗೇತ್ರೀ ಒಂದೀಟು ದಿನ ಎಂದಳು.

ಇಬ್ಬರನ್ನೂ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಮಾತ್ರೆ ಕೊಟ್ಟರು, ಇಂಜೆಕ್ಷನ್ ಕೊಟ್ಟರು, ಮತ್ತೆ ಬೇರೆ ಮಾತ್ರೆ ಕೊಟ್ಟರು. ಗಂಟು ಒಂದಿದ್ದದ್ದು ಎರಡಾಯಿತು. ಮನೆಯಲ್ಲಿ ಶುಚಿತ್ವ ಸಾಲದು ಎಂದರು ಸರ್ಜನ್, ಮಾಂತವ್ವನ ಕಡೆ ಕೈ ತೋರಿಸಿ. ವನಜಾಳ ಕಡೆ ತೋರಿಸಲಿಲ್ಲ. ನಾನೂ ಹೊರಗೆ ಬಂದು ಮಾಂತವ್ವನಿಗೆ ಅದನ್ನೇ ಹೇಳಿದೆ. ದಿನಾ ಡೆಟ್ಟಾಲ್ ಹಾಕಿ ತೊಳೆದುಕೋ, ಗಾಯ ಒದ್ದೆ ಮಾಡಬೇಡ, ಧೂಳಿನಲ್ಲಿ ನಿಲ್ಲಬೇಡ. ಸಲಹೆ ಕೊಡುವುದು ನನಗೆ ಉಸಿರಾಡಿದ ಹಾಗೆ. ಒಂದು ಕೊಡ ನೀರಿನಲ್ಲಿ ಐದು ಜನ ಬಾಳುವ ಮನೆಯವಳು, ಮರಳು ಹೊರುವವಳು, ಹೂನ್ರೀ ಅಕ್ಕಾರ ಎಂದು ತಲೆಯಾಡಿಸಿದಳು.

ಕೊನೆಗೆ ನಮ್ಮ ಗಲ್ಲಿಯ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದವರು, ಮಾತು ಕಡಿಮೆ. ಅವರು ಕೀವನ್ನು ಗಾಜಿನ ಪಟ್ಟಿಗೆ ಹಚ್ಚಿಸಿ ಪರೀಕ್ಷೆಗೆ ಕಳಿಸಿದರು. ಸೂಕ್ಷ್ಮದರ್ಶಕದಲ್ಲಿ ಕೆಂಪು ಕಡ್ಡಿಗಳು ಕಂಡವು ಅಂತ ಬಂತು. ಕೆಂಪು ಕಡ್ಡಿ ಕಂಡರೆ ಟಿಬಿ. ಆ ಕಾಲದಲ್ಲಿ ಅದರ ಮೇಲೆ ಯಾರೂ ಎರಡನೇ ಮಾತಾಡುತ್ತಿರಲಿಲ್ಲ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವ ಮಾತ್ರೆಗಳು ಶುರುವಾದವು. ವನಜಾಳಿಗೆ ಹಸಿವು ಹೋಯಿತು, ಮಾಂತವ್ವ ವಾಂತಿ ಮಾಡಿಕೊಂಡು ಕೆಲಸ ತಪ್ಪಿಸತೊಡಗಿದಳು. ಗಣಪತಿ ಬಂದು ಹೋದ. ಗಾಯ ಮಾತ್ರ ಇದ್ದ ಹಾಗೆಯೇ ಇತ್ತು.

ಟಿಬಿ ಎಂಬ ಮಾತು ತಗಡಿನ ಗೋಡೆಗಳ ನಡುವೆ ಎಷ್ಟು ಹೊತ್ತು ಮುಚ್ಚಿರುತ್ತದೆ? ಮಾಂತವ್ವನ ಅಪ್ಪ ಅದರಿಂದಲೇ ಸತ್ತವನು. ಅವಳ ರಕ್ತದಲ್ಲೇ ಇತ್ತು, ಈಗ ಹೊರಗೆ ಬಂತು ಅಂತ ಭೀಮಣ್ಣ ತೀರ್ಮಾನಿಸಿದ. ಅವಳಿಗೆ ಬೇರೆ ತಾಟು, ಬೇರೆ ಲೋಟ. ಮಕ್ಕಳು ಅವಳ ಹತ್ತಿರ ಮಲಗಬಾರದು. ಸಣ್ಣದು ರಾತ್ರಿ ಅತ್ತರೂ ಎತ್ತಿಕೊಳ್ಳಬಾರದು. ದಸರೆಗೆ ಊರಿನಿಂದ ಅವಳ ಅಣ್ಣ ಬರುತ್ತಾನೆ, ಅವನ ಜೊತೆ ಕಳಿಸುತ್ತೇನೆ, ಮಕ್ಕಳು ಇಲ್ಲೇ ಇರುತ್ತವೆ ಎಂದ. ಕೆಟ್ಟವನೇನಲ್ಲ. ಹೆದರಿದ್ದ. ಊರಿಗೆ ಹೋದರೆ ಅವಳನ್ನು ದನದ ಕೊಟ್ಟಿಗೆಯ ಪಕ್ಕ ಮಲಗಿಸುತ್ತಾರೆ ಎಂಬುದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ನಾನು ಗಲ್ಲಿಯ ಡಾಕ್ಟರಿಗೆ ಇದನ್ನೆಲ್ಲ ಹೇಳಿದೆ. ಅವರು, ಒಂದೇ ದಿನ ಒಂದೇ ಟೇಬಲ್ಲಿನ ಮೇಲೆ ಮಲಗಿದ ಇಬ್ಬರಿಗೂ ಒಂದೇ ಜಾಗದಲ್ಲಿ ಟಿಬಿ ಹುಟ್ಟುವುದು ನನಗೆ ಒಪ್ಪಿಗೆಯಾಗುವುದಿಲ್ಲ ಎಂದರು. ಕೆಂಪು ಕಡ್ಡಿಯಾಗಿ ಕಾಣುವ ಬೇರೆ ಜಾತಿಗಳೂ ಇವೆಯಂತೆ. ಕಣ್ಣಿಗೆ ಎಲ್ಲ ಒಂದೇ. ಒಳಗಿನ ಡಿಎನ್‌ಎ ಎಂಬ ಎಳೆಯನ್ನು ಓದಿದರೆ ಮಾತ್ರ ಯಾರು ಯಾರೆಂದು ತಿಳಿಯುತ್ತದೆ. ಮಹಾಪೆಯ ಕೈಗಾರಿಕಾ ವಸಾಹತಿನಲ್ಲಿ ಒಂದು ಲ್ಯಾಬ್ ಹಾಗೆ ಓದುವ ಪರೀಕ್ಷೆ ಶುರು ಮಾಡಿದೆ, ಗಂಟಿನ ಒಂದು ತುಂಡು ತೆಗೆದುಕೊಂಡು ಹೋಗು ಅಂತ ಚೀಟಿ ಬರೆದುಕೊಟ್ಟರು.

ವನಜಾಳ ಗಂಟನ್ನು ನರ್ಸಿಂಗ್ ಹೋಮಿನಲ್ಲಿ ಬುಡಸಮೇತ ಕೊಯ್ದು ತೆಗೆದರು. ಬಾಟಲಿಯಲ್ಲಿ ಹಾಕಿ ಕೊಟ್ಟರು. ನಾನು ಅದನ್ನು ಸೀರೆಗಳ ಚೀಲದಲ್ಲಿ ನಡುವೆ ಇಟ್ಟು, ಶೀಳಫಾಟಾ ಮಾರ್ಗವಾಗಿ ಹೋಗುವ ಬಸ್ಸು ಹಿಡಿದೆ. ಆ ರಸ್ತೆಯ ಹೊಂಡಗಳಲ್ಲಿ ಮಳೆನೀರು ತುಂಬಿ ಯಾವುದು ರಸ್ತೆ ಯಾವುದು ಹೊಂಡ ತಿಳಿಯುತ್ತಿರಲಿಲ್ಲ. ಬಾಟಲಿ ಒಡೆಯದ ಹಾಗೆ ಎದೆಗೆ ಅವಚಿಕೊಂಡೇ ಮಹಾಪೆ ತಲುಪಿದೆ.

ಲ್ಯಾಬಿನ ಮೇಡಂ ಮರಾಠಿಯವರು, ನನ್ನದೇ ವಯಸ್ಸು. ಬಾಟಲಿಯ ಮುಚ್ಚಳ ತೆರೆದು ದೂರದಿಂದಲೇ ಮೂಸಿ ಮುಚ್ಚಿಬಿಟ್ಟರು. ಇದನ್ನು ಉಪ್ಪಿನಕಾಯಿ ಹಾಕಿದ್ದಾರಲ್ಲ ಎಂದರು. ಕೊಯ್ದ ತುಂಡನ್ನು ಫಾರ್ಮಲಿನ್‌ನಲ್ಲಿ ಹಾಕುವುದು ನರ್ಸಿಂಗ್ ಹೋಮಿನವರ ರೂಢಿ; ಕೈ ತಾನಾಗಿ ಆ ಬಾಟಲಿಗೇ ಹೋಗುತ್ತದೆ. ಅದರಲ್ಲಿ ಬಿದ್ದರೆ ಕ್ರಿಮಿ ಸಾಯುತ್ತದೆ, ಬೆಳೆಸಿ ನೋಡುವಂತಿಲ್ಲ. ಒಳಗಿನ ಎಳೆಯೂ ತುಂಡು ತುಂಡಾಗುತ್ತದೆ, ಓದಿದರೆ ನಂಬುವಂತಿಲ್ಲ. ಬರೀ ಸಲೈನ್ ನೀರಿನಲ್ಲಿ, ಶುದ್ಧ ಮಾಡಿದ ಡಬ್ಬಿಯಲ್ಲಿ, ಅದೇ ದಿನ ತರಬೇಕು. ಸರಿ, ಇನ್ನೊಂದು ತುಂಡು ತನ್ನಿ ಎಂದರು ಮೇಡಂ. ವನಜಾಳಲ್ಲಿ ಇನ್ನು ಕೊಯ್ಯಲು ಏನೂ ಉಳಿದಿರಲಿಲ್ಲ. ಅವಳದ್ದು ಚಿಕ್ಕದಿತ್ತು, ಪೂರ್ತಿ ತೆಗೆದಾಗಿತ್ತು. ಆಮೇಲೆ ಅವಳಿಗೆ ಅದು ಮರಳಿ ಬರಲೂ ಇಲ್ಲ.

ಹಾಗಾಗಿ ಮಾಂತವ್ವನನ್ನೇ ಕೇಳಬೇಕಾಯಿತು. ತಗಡಿನ ಮನೆಯ ಹೊಸ್ತಿಲಲ್ಲಿ ಕೂತು ಹೇಳಿದೆ. ಇನ್ನೊಮ್ಮೆ ಕೊಯ್ಯಬೇಕು, ನಿನ್ನದು ಆಳದಲ್ಲಿದೆ, ನೋಯುತ್ತದೆ, ಎಲ್ಲ ಹೇಳಿದೆ. ಅವಳು ಮಗುವನ್ನು ದೂರದಿಂದ ನೋಡುತ್ತ ಕೇಳಿದಳು:

“ಕೊಯ್ಸ್ಕೊಂಡ್ರ ಟಿಬಿ ಅಲ್ಲ ಅಂತ ಬರ್ತೈತೇನ್ರೀ ಅಕ್ಕಾರ?”

ಸೀರೆಯ ಬಣ್ಣ ಹೋಗುತ್ತದೆಯೇ ಎಂದು ಯಾರಾದರೂ ಕೇಳಿದರೆ ಕಣ್ಣು ಮಿಟುಕಿಸದೆ ಇಲ್ಲ ಎನ್ನುತ್ತಿದ್ದವಳು ನಾನು. ಅವತ್ತು ಮಾತ್ರ, ಬಂದರೂ ಬರಬಹುದು ಎಂದೆ.

“ಬರಬೇಕ್ರೀ” ಎಂದಳು.

ಈ ಸಲ ಕೊಯ್ಯುವಾಗ ನಾನೇ ಸಲೈನ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತೆ. ನರ್ಸ್ ಫಾರ್ಮಲಿನ್ ಬಾಟಲಿ ಎತ್ತಿಕೊಂಡಳು, ನಾನು ಅವಳ ಕೈ ಹಿಡಿದೆ. ಒಳಗೆ ಮಾಂತವ್ವ ಹಲ್ಲು ಕಚ್ಚಿಕೊಂಡು ಮಾಡಿದ ಸದ್ದು ಕೇಳುತ್ತಿತ್ತು. ಮರಗಟ್ಟಿಸಲು ಹಾಕಿದ ಇಂಜೆಕ್ಷನ್ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಮತ್ತೆ ಅದೇ ಬಸ್ಸು, ಅದೇ ಹೊಂಡಗಳು.

ಮುಂದಿನ ವಾರ ಮೇಡಂ ನನ್ನನ್ನು ಒಳಗೆ ಕರೆದು ಕೂರಿಸಿ ಕಪ್ಪು ಬಿಳುಪಿನ ಒಂದು ಫೋಟೋ ಮುಂದಿಟ್ಟರು. ಕಪ್ಪಿನ ಮೇಲೆ ಬಿಳಿ ಗೆರೆಗಳು, ಮಗ್ಗದಿಂದ ಆಗಷ್ಟೇ ಇಳಿಸಿದ ಅಂಚಿನ ಹಾಗೆ. ಅವರು ಹೇಳಿದ್ದನ್ನು ನಾನು ನನ್ನ ಭಾಷೆಗೆ ಹೀಗೆ ಹಾಕಿಕೊಂಡೆ. ಕ್ರಿಮಿಯ ಒಳಗಿನ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು. ಅದರ ಒಂದು ಚೂರನ್ನು ಹೆಕ್ಕಿ, ಯಂತ್ರದಲ್ಲಿ ಕಾಯಿಸಿ ಆರಿಸಿ ಮತ್ತೆ ಕಾಯಿಸಿ, ಒಂದನ್ನು ಎರಡು ಮಾಡಿ ಎರಡನ್ನು ನಾಲ್ಕು ಮಾಡಿ, ಕಾಣುವಷ್ಟು ರಾಶಿ ಹಾಕುತ್ತಾರೆ. ಮೊದಲು ಟಿಬಿಗೆ ಮಾತ್ರ ಇರುವ ಗುರುತನ್ನು ಹುಡುಕಿದರು. ಮಾಂತವ್ವನ ತುಂಡಿನಲ್ಲಿ ಆ ಗುರುತು ಇರಲಿಲ್ಲ. ಆಮೇಲೆ ಆ ಇಡೀ ಕುಲಕ್ಕೇ ಸಾಮಾನ್ಯವಾದ ಗುರುತನ್ನು ಹುಡುಕಿದರು, ಅದು ಇತ್ತು. ಅಂಚು ಅದೇ ಮನೆತನದ್ದು, ಸೆರಗು ಬೇರೆ. ಆ ಸೆರಗು ಯಾರದ್ದೆಂದು ತಿಳಿಯಲು ಎಳೆಯನ್ನು ಗೊತ್ತಾದ ಜಾಗಗಳಲ್ಲಿ ಕತ್ತರಿಸುವ ಒಂದು ರಸ ಹಾಕಿದರು. ಬಿದ್ದ ತುಂಡುಗಳ ಉದ್ದ ನೋಡಿದರೆ ಜಾತಿ ತಿಳಿಯುತ್ತದೆ. ಇದು ಟಿಬಿಯ ದಾಯಾದಿ. ನೀರಿನಲ್ಲಿ ಬಾಳುವುದು. ಟಾಕಿ, ಪೈಪು, ನಲ್ಲಿ, ಎಲ್ಲ ಕಡೆ ಇರುತ್ತದೆ, ಕುಡಿದರೆ ನಮಗೆ ಏನೂ ಮಾಡುವುದಿಲ್ಲ. ಚರ್ಮ ಸೀಳಿ ಒಳಗೆ ಬಿಟ್ಟರೆ ಮಾತ್ರ ಮನೆ ಮಾಡುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಟಿಬಿಯ ಮಾತ್ರೆಗೆ ಸಾಯುವುದಿಲ್ಲ, ಅದಕ್ಕೆ ಬೇರೆಯೇ ಮಾತ್ರೆ ಬೇಕು.

ನನಗೆ ಎದ್ದು ಕುಣಿಯಬೇಕೆನಿಸಿತು. ಟಿಬಿ ಅಲ್ಲ, ಹರಡುವುದಿಲ್ಲ, ಇಷ್ಟು ಸಾಕಿತ್ತು. ಚೀಲ ಎತ್ತಿಕೊಂಡು ಹೊರಟವಳನ್ನು ಮೇಡಂ ತಡೆದು ಒಂದು ಪ್ರಶ್ನೆ ಕೇಳಿದರು. ಅವತ್ತು ಎಷ್ಟು ಆಪರೇಷನ್ ಆಯಿತು?

ಮೂರು ಎಂದೆ.

ಮೂರನೆಯವರು ಹೇಗಿದ್ದಾರೆ?

ಚೆನ್ನಾಗಿದ್ದಾರೆ ಎಂದೆ. ಆಮೇಲೆ, ಅದು ನಾನೇ ಎಂದೆ.

“ತುಮಚಂ ಪಹಿಲಂ ಝಾಲಂ ಕಾ?” ಎಂದರು. ನಿಮ್ಮದು ಮೊದಲು ಆಯಿತಾ ಅಂತ.

ಹೌದು ಎಂದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ಹಿಂದಿನ ರಾತ್ರಿ ಸೆಟ್ಟನ್ನು ಉಗಿಯಲ್ಲಿ ಬೇಯಿಸಿಟ್ಟಿರುತ್ತಾರೆ, ಬೆಳಿಗ್ಗೆ ಮೊದಲನೆಯವರಿಗೆ ಅದು ಶುದ್ಧ. ಎರಡನೆಯವರ ಸರದಿಗೆ ಮೊದಲು ಮತ್ತೆ ಬೇಯಿಸುವಷ್ಟು ಹೊತ್ತು ಇರುವುದಿಲ್ಲ, ದ್ರಾವಣದಲ್ಲಿ ಮುಳುಗಿಸುತ್ತಾರೆ. ಹತ್ತಾರು ಸಲ ಬಳಸಿ ತೆಳ್ಳಗಾದ ದ್ರಾವಣದಲ್ಲಿ, ನಾಲ್ಕಾರು ನಿಮಿಷ. ಆಮೇಲೆ ಆ ಘಾಟು ಹೋಗಲೆಂದು ನಲ್ಲಿಯ ನೀರಿನಲ್ಲಿ ತೊಳೆಯುತ್ತಾರೆ. ಹೀಗೇ ಆಗಿರಬೇಕು ಎಂದರು. ನಾನು ನೋಡಿ ಖುಷಿಪಟ್ಟದ್ದು ಅದನ್ನೇ. ನಡುವೆ ಹೊತ್ತು ಹಾಳು ಮಾಡಬಾರದು ಅಂತ ಒಪ್ಪಿಕೊಂಡು ಬಂದವಳೂ ನಾನೇ. ಕಲ್ಯಾಣದಲ್ಲಿ ಅವತ್ತು ಕಾಯುತ್ತಿದ್ದ ಆ ಇಬ್ಬರು ಯಾರೋ, ಅವರಿಗೆ ಏನಾಯಿತೋ, ಇಂದಿಗೂ ನನಗೆ ಗೊತ್ತಿಲ್ಲ.

ಮರುದಿನ ಮಧ್ಯಾಹ್ನ ತಗಡಿನ ಮನೆಗೆ ಹೋದೆ. ಊರಿನಿಂದ ಅಣ್ಣ ಬಂದಾಗಿತ್ತು. ಮಾಂತವ್ವನ ಬಟ್ಟೆಯ ಗಂಟು ಕಟ್ಟಿ ಬಾಗಿಲ ಪಕ್ಕ ಇಟ್ಟಿದ್ದರು. ಅವಳು ಮೂಲೆಯಲ್ಲಿ ಕೂತು ತನ್ನ ಬೇರೆ ತಾಟಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದಳು. ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿದ್ದರು, ಹೊರಡುವುದನ್ನು ನೋಡದಿರಲೆಂದು. ನಾನು ಭೀಮಣ್ಣನಿಗೆ ಎಲ್ಲ ಹೇಳಿದೆ. ಟಿಬಿ ಅಲ್ಲ, ಅಂಟುವುದಿಲ್ಲ, ಅವಳ ಅಪ್ಪನಿಂದ ಬಂದದ್ದಲ್ಲ; ನಾನು ಕರೆದುಕೊಂಡು ಹೋದ ಜಾಗದಿಂದ ಬಂದದ್ದು, ಆ ಸಲಾಕೆ ತೊಳೆದ ನೀರಿನಿಂದ ಬಂದದ್ದು. ಕಾಗದ ಬಿಚ್ಚಿ ತೋರಿಸಿದೆ. ಇಂಗ್ಲಿಷು. ಅವನು ಅದನ್ನು ಮುಟ್ಟಲಿಲ್ಲ.

“ಹಂಗಾದ್ರ ನಿಮಗ್ಯಾಕ ಆಗಿಲ್ಲ?”

“ನನ್ನದು ಮೊದಲು ಆಯಿತು. ಆಗ ಸಾಮಾನು ಶುದ್ಧ ಇತ್ತು.”

ಅವನು ಅಣ್ಣನ ಮುಖ ನೋಡಿದ. ಅಣ್ಣ ನನ್ನ ಮುಖ ನೋಡಿದ. ಆ ನೋಟಕ್ಕೆ ನಾನು ನೆಲ ನೋಡಿದೆ.

“ಕಾಗದ ಇರ್ಲಿ ಬಿಡ್ರೀ. ಅಂಟೂದಿಲ್ಲ ಅಂತೀರಲ್ಲ, ಆಕಿ ತಾಟಿನ್ಯಾಗ ನೀವು ಉಣ್ತೀರೇನು?”

ಮೇಡಂ ಹೇಳಿದ್ದು ನನ್ನ ಕಿವಿಯಲ್ಲಿತ್ತು. ಆ ಕಾಗದ ನನ್ನ ಕೈಯಲ್ಲಿತ್ತು. ಆದರೂ ನನ್ನ ಬಲಗೈ ಮಡಿಲಿನಿಂದ ಏಳಲಿಲ್ಲ. ನನ್ನ ಇಬ್ಬರು ಮಕ್ಕಳು ಕಣ್ಣ ಮುಂದೆ ಬಂದರು. ಅವಳ ಸೊಂಟದ ಒದ್ದೆ ಬಟ್ಟೆ ಕಂಡಿತು. ಭೀಮಣ್ಣನಿಗೆ ಇದ್ದ ಹೆದರಿಕೆಯೇ ನನಗೂ ಇತ್ತು. ಅವನಿಗೆ ಓದು ಬರುವುದಿಲ್ಲ, ನನಗೆ ಬರುತ್ತದೆ, ಅಷ್ಟೇ ವ್ಯತ್ಯಾಸ.

ಮಾಂತವ್ವ ಅದನ್ನು ನೋಡಿದಳು. ನೋಡಿ, ತಾಟನ್ನು ಸ್ವಲ್ಪ ತನ್ನ ಕಡೆಗೆ ಎಳೆದುಕೊಂಡಳು.

“ಬ್ಯಾಡ ಬಿಡ್ರಿ. ಅಕ್ಕಾರಿಗೆ ಜ್ವಾಳದ ರೊಟ್ಟಿ ಒಗ್ಗೂದಿಲ್ಲ. ಅಕ್ಕಿ ಉಣ್ಣೋರು” ಎಂದಳು.

ನನ್ನ ಮಾನ ಉಳಿಸಲು ಅವಳು ಹಾಗೆಂದಳು. ಊರಿಗೆ ಕಳಿಸಲು ಗಂಟು ಕಟ್ಟಿಟ್ಟ ಹೊತ್ತಿನಲ್ಲಿ, ತನ್ನ ಮಕ್ಕಳು ಕೈತಪ್ಪುವ ಹೊತ್ತಿನಲ್ಲಿ. ನಾನು ಮುಂದೆ ಸರಿದು ಅವಳ ತಾಟಿನಿಂದ ರೊಟ್ಟಿ ಮುರಿದೆ, ಅವಳು ಕಚ್ಚಿದ ಅಂಚನ್ನೇ ಮುರಿದೆ, ಪಲ್ಯ ಹಚ್ಚಿ ತಿಂದೆ. ಹುಳಿಯಾಗಿತ್ತು. ನುಂಗಿ ಮತ್ತೊಂದು ತುತ್ತು ತಿಂದೆ. ಭೀಮಣ್ಣ ಗೋಡೆಯ ಕಡೆ ಮುಖ ಮಾಡಿ ಅಣ್ಣನಿಗೆ ಹೇಳಿದ, ನಾಳಿ ಗಾಡಿಗಿ ಹೋಗೂದು ಬ್ಯಾಡ, ನೋಡೂಣು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಿಂದ ಸಣ್ಣದನ್ನು ತಾನೇ ಎತ್ತಿಕೊಂಡು ಬಂದು ಅವಳ ಮಡಿಲಿಗೆ ಹಾಕಿದ.

ಹೊಸ ಮಾತ್ರೆ ಮುಂದಿನ ಬೇಸಗೆಯವರೆಗೂ ನಡೆಯಿತು. ಅದರ ಖರ್ಚು ನಾನು ನೋಡಿಕೊಂಡೆ; ಅದೇನೂ ದೊಡ್ಡಸ್ತಿಕೆಯಲ್ಲ. ಸರ್ಜನ್ ಆ ಕಾಗದವನ್ನು ಎರಡು ಸಲ ಓದಿ, ಮಾಂತವ್ವನ ಉಳಿದ ಗಂಟುಗಳನ್ನು ದುಡ್ಡಿಲ್ಲದೆ ತೆಗೆದುಕೊಟ್ಟರು. ನರ್ಸಿಂಗ್ ಹೋಮಿನಲ್ಲಿ ಪ್ರತಿ ಸಲವೂ ಬೇಯಿಸುತ್ತಾರಂತೆ ಈಗ ಎಂದು ವನಜಾ ಸುದ್ದಿ ತಂದಳು. ಅವಳಂತೂ ಈಗಲೂ ಎಲ್ಲಿ ಸಾಲು ನಿಂತರೂ ನನ್ನನ್ನು ಮುಂದಕ್ಕೆ ತಳ್ಳುತ್ತಾಳೆ. ಹೋಗಿ ಅತ್ತಿಗೆ, ನಿಮಗೆ ಮೊದಲನೆಯದೇ ಒಳ್ಳೆಯದು ಅಂತ. ಜನ ನಗುತ್ತಾರೆ. ನಾನೂ ನಗುತ್ತೇನೆ.

ಮಾಂತವ್ವನ ಹೊಟ್ಟೆಯ ಮೇಲೆ ಹೊಂಡ ಬಿದ್ದ ಕಲೆಗಳು ಉಳಿದವು, ಗಾಯ ಒಣಗಿತು. ಮುಂದಿನ ಪಂಚಮಿಗೆ ಸೀರೆ ತೆಗೆದುಕೊಳ್ಳಲು ಬಂದಳು. ನಾನು ಒಂದು ಒಳ್ಳೆಯ ಇಳಕಲ್ ಸೀರೆ ತೆಗೆದು, ಕೊಂಡದ್ದಕ್ಕಿಂತ ಕಡಿಮೆ ಬೆಲೆ ಹೇಳಿದೆ. ಅವಳು ಸೀರೆಯನ್ನು ಬಾಗಿಲ ಬೆಳಕಿಗೆ ಒಯ್ದು, ಮಡಿಕೆ ಬಿಚ್ಚಿ, ಒಳಗು ಹೊರಗು ಮಾಡಿ ನೋಡಿದಳು. ಅದರಲ್ಲಿ ಕೊಂಕಿರಲಿಲ್ಲ, ಸಿಟ್ಟೂ ಇರಲಿಲ್ಲ.

“ಯಾಕ ಕಡಿಮಿ ಮಾಡೀರಿ ಅಕ್ಕಾರ? ಏನಾಗೇತಿ ಇದಕ?”

ಏನೂ ಆಗಿಲ್ಲ ಮಾರಾಯ್ತಿ ಎಂದೆ. ಅವಳು ಇನ್ನೊಮ್ಮೆ ತಿರುವಿ ನೋಡಿದಳು.

ನೀವು ಓದುವವರು ಬುದ್ಧಿವಂತರು, ಆದರೂ ಹೇಳುತ್ತೇನೆ, ಸಲ್ಲುವುದಾದರೆ ಇಟ್ಟುಕೊಳ್ಳಿ. ಆಪರೇಷನ್ನಿನಲ್ಲಿ ಚೌಕಾಸಿ ಮಾಡಬೇಡಿ ಎನ್ನುವುದಿಲ್ಲ. ಬಡವರು ಮಾಡದೆ ಇನ್ನಾರು ಮಾಡಬೇಕು? ಕೋಣೆಯ ಬಾಡಿಗೆಯಲ್ಲಿ ಮಾಡಿ, ಔಷಧಿಯ ಅಂಗಡಿಯಲ್ಲಿ ಮಾಡಿ, ಹೊತ್ತಿನಲ್ಲಿ ಮಾಡಬೇಡಿ. ನನಗಿಂತ ಮೊದಲು ಯಾರು, ಅವರ ನಂತರ ಸಾಮಾನು ಬೇಯಿಸುತ್ತೀರಾ ಮುಳುಗಿಸುತ್ತೀರಾ ಅಂತ ನಾಚದೆ ಕೇಳಿ. ತೊಳೆಯುವ ನೀರು ಎಲ್ಲಿಯದು ಅಂತಲೂ ಕೇಳಿ. ಹೊಲಿಗೆ ಒಣಗಿ ತಿಂಗಳಾದ ಮೇಲೆ ಗಂಟು ಎದ್ದು ಒಸರಿದರೆ ಮನೆಯ ಕೊಳೆ ಅಂತ ಸುಮ್ಮನಿರಬೇಡಿ. ತುಂಡು ತೆಗೆಯುವ ದಿನ, ಒಂದು ಭಾಗ ಫಾರ್ಮಲಿನ್‌ಗೆ, ಒಂದು ಭಾಗ ಸಲೈನ್‌ಗೆ ಅಂತ ಮೊದಲೇ ಹೇಳಿ. ಒಬ್ಬ ಹೆಂಗಸನ್ನು ಎರಡು ಸಲ ಕೊಯ್ಯಿಸಬೇಡಿ. ಕೆಂಪು ಕಡ್ಡಿ ಕಂಡಿತು ಎಂದರೆ, ಯಾವ ಜಾತಿಯದ್ದು ಅಂತ ಹೆಸರು ಹಿಡಿದು ಹೇಳಿಸಿಕೊಳ್ಳಿ, ಆಮೇಲೆ ಮಾತ್ರೆ ಶುರು ಮಾಡಿ. ಆ ಹೆಸರು ಬರುವವರೆಗೆ ಮನೆಯಲ್ಲಿ ಯಾರ ತಾಟನ್ನೂ ಬೇರೆ ಮಾಡಬೇಡಿ. ಬಂದ ಮೇಲೂ ಮಾಡಬೇಡಿ. ಟಿಬಿ ಕೂಡ ತಾಟಿನಿಂದ ಅಂಟುವುದಿಲ್ಲ ಎಂದು ಗಲ್ಲಿಯ ಡಾಕ್ಟರು ನನಗೆ ಹೇಳಿದ್ದು, ನಾನು ಆ ರೊಟ್ಟಿ ತಿಂದು ಬಂದ ಮೇಲೆ.